ನಂಬದಿದ್ದರೆ ನಡೆಯುತ್ತೆ, ಕೇಳಿದರೆ ಕಷ್ಟ

ದೇವರ ಬಗ್ಗೆ ವಾದ ಮಾಡಬೇಕು ಅನ್ನಿಸಿದರೆ ಪುಣೆ ಒಳ್ಳೆಯ ಊರು. ನಾನು ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಇಲ್ಲಿನವರ ಈ ಹುಚ್ಚು ನನಗೆ ಇನ್ನೂ ಬೆರಗು. ನ್ಯಾಯಮೂರ್ತಿ ರಾನಡೆ 1875ರಲ್ಲಿ ಶುರು ಮಾಡಿದ ವಸಂತ ವ್ಯಾಖ್ಯಾನಮಾಲೆ ಈಗಲೂ ಬೇಸಿಗೆಯಲ್ಲಿ ನಡೆಯುತ್ತದೆ. ಆಫೀಸು ಮುಗಿಸಿದವರು, ರಿಟೈರ್ ಆದವರು ಸಂಜೆ ಬಂದು ಕುರ್ಚಿ ಹಿಡಿಯುತ್ತಾರೆ. ಭಾಷಣ ಮಾಡಿದವರು ಹೇಳಿದ್ದು ಸರಿಯೋ ತಪ್ಪೋ ಅಂತ ಮನೆಗೆ ಹೋಗುವ ದಾರಿಯುದ್ದಕ್ಕೂ ಜಗ್ಗಾಡುತ್ತಾರೆ.

ನಮ್ಮ ಊರು ದಾವಣಗೆರೆಯಲ್ಲಿ ವಾದ ಇಲ್ಲ ಅಂತಲ್ಲ. ಅಡಿಕೆ ರೇಟು, ಮೆಕ್ಕೆಜೋಳದ ರೇಟು, ಎಲೆಕ್ಷನ್ನು, ಯಾವ ಹೋಟೆಲಿನ ಬೆಣ್ಣೆ ದೋಸೆ ಮೇಲು, ಇದಕ್ಕೆಲ್ಲ ನಮ್ಮವರ ಹತ್ತಿರ ಬೇಕಾದಷ್ಟು ಟೈಮಿದೆ. ದೇವರ ವಿಷಯ ಬಂದರೆ ಮಾತ್ರ ಯಾರಾದರೂ ಒಬ್ಬರು ಮಂಡಕ್ಕಿ ತಟ್ಟೆ ಮುಂದಕ್ಕೆ ತಳ್ಳಿ "ತಿನ್ರಪ್ಪಾ, ಮಿರ್ಚಿ ಆರೋಗುತ್ತೆ" ಅಂತಾರೆ. ಅಲ್ಲಿಗೆ ಮಾತು ಮುಗೀತು.

ಈ ಎರಡು ಊರುಗಳ ನಡುವೆ ಸಿಕ್ಕಿಹಾಕಿಕೊಂಡವನು ನನ್ನ ಅಕ್ಕನ ಮಗ. ಊರಲ್ಲೇ ಎಂಜಿನಿಯರಿಂಗ್ ಮುಗಿಸಿ ಪುಣೆಗೆ ಕೆಲಸಕ್ಕೆ ಬಂದ. ಬೈಕ್ ಹುಚ್ಚು ಜಾಸ್ತಿ. ರಜೆ ಸಿಕ್ಕರೆ ಸಾಕು, ಕೋಟೆ, ಗುಡ್ಡ, ಗುಡಿ ಅಂತ ಹೊರಟುಬಿಡುತ್ತಾನೆ. ಪರೀಕ್ಷೆಗೆ ಮುಂಚೆ ಊರದೇವತೆ ದುಗ್ಗಮ್ಮನ ಗುಡಿಗೆ ಹೋಗಿ ಪೆನ್ನು ಪೂಜೆ ಮಾಡಿಸುತ್ತಿದ್ದ ಹುಡುಗ, ಇಲ್ಲಿ ಬಂದು ಓದಲು ಶುರು ಮಾಡಿದ, ಸಭೆಗಳಿಗೆ ಹೋಗಲು ಶುರು ಮಾಡಿದ. ಒಂದು ಆಗಸ್ಟ್ 20ಕ್ಕೆ ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಗೂ ಹೋಗಿ ಬಂದ. 2013ರಲ್ಲಿ ಅದೇ ದಿನ ಬೆಳಿಗ್ಗೆ ವಾಕಿಂಗ್ ಹೋಗಿದ್ದ ಡಾಕ್ಟರ್ ನರೇಂದ್ರ ದಾಭೋಲ್ಕರ್ ಅವರನ್ನು ಅಲ್ಲಿ ಗುಂಡಿಟ್ಟು ಕೊಂದರು. 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದವರು ಅವರು. ಮಾಟಮಂತ್ರ, ಅಮಾನವೀಯ ಆಚರಣೆ ತಡೆಯಲು ವರ್ಷಗಟ್ಟಲೆ ಅವರು ಬೇಡಿಕೆ ಇಟ್ಟಿದ್ದ ಕಾನೂನು, ಅವರು ಹೋದ ಮೇಲೆ, ಅದೇ ಡಿಸೆಂಬರಿನಲ್ಲಿ ಪಾಸಾಯಿತು. ಎರಡು ವರ್ಷದ ನಂತರ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಕೊಲೆ. ನಮ್ಮ ಕರ್ನಾಟಕದ ಕಾನೂನು 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾಗಾಗಿ ಪುಣೆಯಲ್ಲಿ ವಾದ ಮಾಡಬಹುದು ಅಂತ ನಾನು ಹೇಳುವಾಗ, ಅದಕ್ಕೆ ಬಿದ್ದ ಬೆಲೆ ಮರೆತು ಹೇಳುತ್ತಿಲ್ಲ.

ಇದೇ ಪುಣೆಗೆ ಆಷಾಢ ಏಕಾದಶಿಗೆ ಮುಂಚೆ ಆಳಂದಿಯಿಂದ, ದೇಹುವಿನಿಂದ ಪಾಲಖಿಗಳು ಬರುತ್ತವೆ. ಪಂಢರಾಪುರಕ್ಕೆ ನಡೆದು ಹೋಗುವ ಲಕ್ಷಾಂತರ ವಾರಕರಿಗಳು ಊರು ತುಂಬುತ್ತಾರೆ. ಐಟಿ ಕಂಪನಿಗಳ ಹುಡುಗ ಹುಡುಗಿಯರೂ ಆಳಂದಿಯಿಂದ ಪುಣೆವರೆಗೆ ಒಂದು ದಿನ ಜೊತೆಗೆ ನಡೆಯುವುದುಂಟು. ನಮ್ಮ ಹುಡುಗನೂ ನಡೆದ. ಕಾಲಲ್ಲಿ ಬೊಬ್ಬೆ ಎದ್ದು ಮನೆಗೆ ಬಂದ. ಅವನ ಓದಿನ ಗುಂಪಿನ ಗೆಳೆಯರು ಮಾರನೇ ದಿನವೇ ಹಿಡಿದು ಕೇಳಿದರಂತೆ: "ನೀನು ಯಾವ ಕಡೆ?" ಅವನಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲ ಅನ್ನುವವನಿಗೆ ಆ ಗುಂಪಿನಲ್ಲಿ ಕುರ್ಚಿಯೂ ಇರಲಿಲ್ಲ. ಪುಣೆಯ ಈ ಸ್ವಭಾವ ನನಗೆ ಹಿಡಿಸುವುದಿಲ್ಲ. ದಾಭೋಲ್ಕರರ ಸಮಿತಿ ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದು, ದೇವರು ಧರ್ಮಕ್ಕೆ ನಮ್ಮ ವಿರೋಧ ಇಲ್ಲ, ಅದರ ಹೆಸರಲ್ಲಿ ಜನರನ್ನು ಸುಲಿಯುವುದಕ್ಕೆ ವಿರೋಧ ಅಂತ. ಕಾಫಿ ಕುಡಿಯುತ್ತಾ ಮಾತಾಡುವ ಗುಂಪುಗಳಿಗೆ ಈ ವ್ಯತ್ಯಾಸ ನೆನಪಿರುವುದಿಲ್ಲ.

ಇನ್ನು ನಮ್ಮ ಕಡೆಯ ವಿಷಯ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ದಾವಣಗೆರೆಯ ಮನೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ನೆಂಟರು. ಕಳೆದ ಜಾತ್ರೆಗೆ ನಾನೂ ಹುಡುಗನೂ ಒಟ್ಟಿಗೆ ಹೋಗಿದ್ದೆವು. ಅಕ್ಕ ಅವನಿಗೆ ಕೆಲಸ ಸಿಗಲಿ ಅಂತ ಹರಕೆ ಹೊತ್ತಿದ್ದಳು. ಅವನು ದುಗ್ಗಮ್ಮನಿಗೆ ದೀಡು ನಮಸ್ಕಾರ ಹಾಕಬೇಕಿತ್ತು.

"ಅವ್ವಾ, ಕೆಲಸ ಸಿಕ್ಕಿದ್ದು ಇಂಟರ್‌ವ್ಯೂ ಚೆನ್ನಾಗಿ ಮಾಡಿದ್ದಕ್ಕೆ" ಅಂದ ಹುಡುಗ.

"ಇಂಟರ್‌ವ್ಯೂ ತಗೊಂಡವನಿಗೆ ಆವತ್ತು ಒಳ್ಳೆ ಬುದ್ಧಿ ಕೊಟ್ಟೋರು ಯಾರು?" ಅಂದಳು ಅಕ್ಕ.

ಇದಕ್ಕೆ ನ್ಯಾಯಮೂರ್ತಿ ರಾನಡೆ ಬಂದರೂ ಉತ್ತರ ಕೊಡಲಾರರು. ಕೊನೆಗೆ ಹರಕೆಯನ್ನು ಅಕ್ಕ ತಾನೇ ತೀರಿಸಿದಳು. ಬೆಳಗಿನ ಜಾವ ತಲೆಮೇಲೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಕೈಯಲ್ಲಿ ಬೇವಿನ ಸೊಪ್ಪು ಹಿಡಿದು ಹೊರಟಳು. ಉದ್ದಕ್ಕೆ ಮಲಗುವುದು, ಕೈ ಎಟಕುವಲ್ಲಿ ಗೆರೆ ಎಳೆಯುವುದು, ಎದ್ದು ಆ ಗೆರೆಯ ಹತ್ತಿರ ನಿಂತು ಮತ್ತೆ ಮಲಗುವುದು. ಡಾಂಬರು ರೋಡು. ಮೊಣಕೈ ತರಚಿತ್ತು. ಹುಡುಗ ಮೊದಲು ದೂರದಲ್ಲಿ ನಿಂತಿದ್ದ. ಆಮೇಲೆ ಹೋಗಿ ಯಾರದ್ದೋ ಕೈಯಿಂದ ಬಿಂದಿಗೆ ಇಸಿದುಕೊಂಡು, ಅವ್ವ ಮಲಗುವ ಜಾಗಕ್ಕೆ ನೀರು ಹಾಕುತ್ತಾ ಗುಡಿವರೆಗೂ ನಡೆದ. ಒಳಗೆ ಹೋಗಲಿಲ್ಲ.

ಯಾರೋ ತೆಗೆದ ಆ ಫೋಟೋ ವಾಟ್ಸಾಪಿನಲ್ಲಿ ಎರಡೂ ಕಡೆ ಹೋಯಿತು. ಪುಣೆಯ ಗೆಳೆಯರು "ಕೊನೆಗೂ ಸೋತೆ" ಅಂದರು. ನಮ್ಮ ನೆಂಟರು "ದೇವರು ದಿಂಡರು ಬಿಟ್ಟಿಲ್ಲ, ಒಳ್ಳೆ ಹುಡುಗ" ಅಂದರು. ಅವನು ಸೋತೂ ಇರಲಿಲ್ಲ, ನಂಬಿಯೂ ಇರಲಿಲ್ಲ. ಅವ್ವನ ಮೈ ಸುಡಬಾರದು ಅಂತ ನೀರು ಹಾಕಿದ್ದ, ಅಷ್ಟೆ. ಇದನ್ನು ಎರಡೂ ಕಡೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅವನಿಗೆ ಸಾಕಾಗಿಹೋಯಿತು.

ನಮ್ಮ ಭಾವನನ್ನು ನೋಡಿ. ಅವರು ಯಾವ ದೇವರಿಗೂ ಕೈ ಮುಗಿದಿದ್ದನ್ನು ನಾನು ಕಂಡಿಲ್ಲ. ಜಾತ್ರೆ ಬಂದರೆ ಮಾತ್ರ ಶಾಮಿಯಾನ ಹಾಕಿಸುವವರು, ಬಾಡೂಟಕ್ಕೆ ಪಾತ್ರೆ ತರಿಸುವವರು, ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವವರು ಅವರೇ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು "ನೀವು ನಂಬ್ತೀರಾ ಇಲ್ವಾ" ಅಂತ ಕೇಳಿಲ್ಲ. ಕೇಳುವುದು ಅಸಭ್ಯ ಅನ್ನುವ ಹಾಗೆ. ನಮ್ಮ ಊರಿನ ಈ ಗುಣ ದೊಡ್ಡದು, ಪುಣೆಗೆ ಹೋದ ಮೇಲೇ ಅದು ನನಗೆ ಕಂಡಿದ್ದು. ಒಳಗೆ ಏನಿದೆ ಅಂತ ಇಣುಕುವುದಿಲ್ಲ. ಕೆಲಸಕ್ಕೆ ಕೈ ಹಾಕಿದರೆ ನೀನೂ ನಮ್ಮವನೇ.

ಆದರೆ ಅದೇ ಸಂಜೆ ಹುಡುಗ ಒಂದು ಮಾತು ಕೇಳಿದ. ಪ್ರಾಣಿಬಲಿ ತಡೆಯುವ ಕಾನೂನು ನಮ್ಮಲ್ಲಿ 1959ರಿಂದ ಇದೆ. ಜಾತ್ರೆ ಬಂತೆಂದರೆ ಜಿಲ್ಲಾಡಳಿತ ಬೋರ್ಡು ಹಾಕಿಸುತ್ತದೆ, ಪೊಲೀಸರನ್ನು ನಿಲ್ಲಿಸುತ್ತದೆ. ಕೋಣದ ಮಾತು ಪ್ರತಿ ಜಾತ್ರೆಯಲ್ಲೂ ಪಿಸುಪಿಸು ಅಂತ ಓಡಾಡುತ್ತದೆ. "ಕೋಣ ಬೇಕು ಅಂತ ಕೇಳಿದ್ದು ಅಮ್ಮನಾ, ನಾವಾ?" ಅಂದ ಹುಡುಗ, ಎಲ್ಲರೂ ಕೂತಿದ್ದ ಪಡಸಾಲೆಯಲ್ಲಿ. ಬೈದವರು ಯಾರೂ ಇಲ್ಲ. ಒಬ್ಬರು ಎದ್ದು ಫ್ಯಾನ್ ಜೋರು ಮಾಡಿದರು. ಇನ್ನೊಬ್ಬರು "ಸುಮ್ನಿರಪ್ಪಾ, ಹಬ್ಬದ ದಿನ" ಅಂದರು. ಚಿಕ್ಕಮ್ಮ ಹೋಳಿಗೆ ತಂದಿಟ್ಟರು.

ಇದೇ ನನ್ನ ತಕರಾರು. ನಮ್ಮಲ್ಲಿ ನಂಬದವನಿಗೆ ಜಾಗ ಇದೆ, ಕೇಳುವವನಿಗೆ ಇಲ್ಲ. ಪುಣೆಯಲ್ಲಿ ಕೇಳುವವನಿಗೆ ಜಾಗ ಇದೆ, ಎರಡು ಮನಸ್ಸಿನವನಿಗೆ ಇಲ್ಲ. ವಯಸ್ಸು ಇಪ್ಪತ್ತು ದಾಟಿದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಎರಡು ಮನಸ್ಸಿನವರೇ ಅಲ್ವಾ? ಅವರು ಎಲ್ಲಿ ಹೋಗಬೇಕು?

ಜಾತ್ರೆ ಮುಗಿದ ಮೇಲೆ ಹುಡುಗನಿಗೆ ಇನ್ನೂ ರಜೆ ಇತ್ತು. "ಮಾಮ, ಹಾಲುರಾಮೇಶ್ವರಕ್ಕೆ ಹೋಗೋಣ ಬಾ" ಅಂದ. ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕು. ಅವನ ಬೈಕಿನ ಹಿಂದೆ ಕೂತು ನನ್ನ ಸೊಂಟ ಹೋಯಿತು, ಅದು ಬೇರೆ ಮಾತು. ಚಿತ್ರದುರ್ಗ ದಾಟಿದ ಮೇಲೆ ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳು. ಕೆಳಗೆ ಅಡಿಕೆ, ತೆಂಗು. ನಡುನಡುವೆ ಒಣಗಿ ನಿಂತ ತೋಟಗಳೂ ಕಾಣುತ್ತವೆ.

ಹಾಲುರಾಮೇಶ್ವರದ ಗಂಗಮ್ಮನ ಕೊಳದ ಬಗ್ಗೆ ಆ ಕಡೆಯವರಿಗೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ ಇಷ್ಟು: ಕೊಳದ ಮುಂದೆ ಕೂತು ಮನಸ್ಸಿನಲ್ಲಿ ಇರುವುದನ್ನು ತಾಯಿಗೆ ಹೇಳಿಕೊಳ್ಳಬೇಕು. ನೀರಿನೊಳಗಿಂದ ಬಾಳೆಹಣ್ಣೋ, ಹೂವೋ, ಬಳೆಯೋ ತೇಲಿ ಬಂದರೆ ಅದು ಪ್ರಸಾದ. ಅದೇ ಉತ್ತರ. ಇದು ಭಕ್ತರ ನಂಬಿಕೆ.

ನಾವು ಹೋದಾಗ ನಮ್ಮ ಮುಂದೆ ಒಬ್ಬ ರೈತರು ಕೂತಿದ್ದರು. ವಯಸ್ಸಾದವರು. ಹೆಗಲ ಮೇಲೆ ಟವೆಲ್ಲು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಸುತ್ತ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ನೀರು ಒಂದು ಕಡೆ ಗುಳುಗುಳು ಅಂದು, ಒಂದು ನಿಂಬೆಹಣ್ಣು ಮೇಲೆ ಬಂತು. ಅದನ್ನು ಎತ್ತಿ ಅವರ ಕೈಗೆ ಕೊಟ್ಟರು. ಕಣ್ಣಿಗೊತ್ತಿಕೊಂಡು ಟವೆಲಿನ ಚುಂಗಿಗೆ ಕಟ್ಟಿಕೊಂಡರು.

ಹುಡುಗ ಭಕ್ತರಿಗಿಂತ ಜಾಸ್ತಿ ಬಗ್ಗಿ ನೋಡುತ್ತಿದ್ದ. ಹೊರಗೆ ಬಂದು ತನ್ನ ಲೆಕ್ಕ ಹೇಳಿದ. ಜನ ನೀರಿಗೆ ಹಣ್ಣು ಹೂವು ಬಿಡುತ್ತಾರೆ. ಕೆಲವು ಮುಳುಗುತ್ತವೆ, ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಳಗೆ ಬುಗ್ಗೆ ಇದ್ದು ಗಾಳಿಗುಳ್ಳೆ ಎದ್ದಾಗ ಯಾವುದೋ ಒಂದು ಬಿಡಿಸಿಕೊಂಡು ಮೇಲೆ ಬರಬಹುದು. ಇದು ಅವನ ಊಹೆ. ಅಳತೆ ಮಾಡಿ ನೋಡದೆ ತೀರ್ಪು ಕೊಡಲ್ಲ ಅಂತ ಅವನೇ ಸೇರಿಸಿದ. ಅಷ್ಟು ನ್ಯಾಯ ಅವನಲ್ಲಿದೆ.

ಟೀ ಅಂಗಡಿಯಲ್ಲಿ ಅದೇ ರೈತರು ಸಿಕ್ಕರು. ಬೋರ್ ಹಾಕಿಸುವ ವಿಷಯ ಕೇಳಲು ಬಂದಿದ್ದರಂತೆ. ಹಿಂದೆ ಹಾಕಿಸಿದ ಬೋರುಗಳು ಬತ್ತಿದ್ದವು. ತೋಟ ಒಣಗುತ್ತಿತ್ತು.

"ಏನೂ ಬರದೇ ಇದ್ದಿದ್ರೆ ಏನ್ ಮಾಡ್ತಿದ್ರಿ, ಅಜ್ಜಾರೆ?" ಅಂತ ಕೇಳಿದ ಹುಡುಗ.

"ಏನ್ ಮಾಡೋದು, ಬೋರ್ ಹಾಕಿಸ್ತಿದ್ದೆ."

"ಈಗ ಬಂತಲ್ಲ?"

"ಹಾಕಿಸ್ತೀನಿ."

"ಮತ್ತೆ ಕೇಳಿದ್ದು ಯಾಕೆ?"

ಅವರು ಟೀ ಲೋಟ ಕೆಳಗಿಟ್ಟರು. "ಸಾಲ ಮಾಡಿ ಹಾಕ್ಸೋದಪ್ಪಾ. ಇಷ್ಟು ದೊಡ್ಡ ವಿಷಯ ಒಬ್ನೇ ಹೆಂಗೆ ತೀರ್ಮಾನ ಮಾಡ್ಲಿ?"

ಹುಡುಗ ಸುಮ್ಮನಾದ. ವಾಪಸ್ ಬರುವಾಗ ಹೊಳಲ್ಕೆರೆ ದಾಟಿದ ಮೇಲೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಹೇಳಿದ: "ಮಾಮ, ಅಲ್ಲಿ ನಿಂತಾಗ ನನಗೂ ಏನಾದ್ರೂ ಬರ್ಲಿ ಅಂತ ಅನ್ನಿಸ್ತು. ಅದೇ ನನಗೆ ಸಿಟ್ಟು."

ಈ ಸಿಟ್ಟನ್ನು ಪುಣೆಯ ಗೆಳೆಯರ ಹತ್ತಿರ ಹೇಳಿದರೆ ನಗುತ್ತಾರೆ. ಊರಲ್ಲಿ ಹೇಳಿದರೆ "ನೋಡು, ತಾಯಿ ಕರೀತಿದಾಳೆ" ಅಂತಾರೆ. ನಾನು ಎರಡನ್ನೂ ಅನ್ನಲಿಲ್ಲ. ಆ ರೈತರ ನಿಂಬೆಹಣ್ಣಿನ ಮೇಲೆ ವಾದ ಮಾಡಿ ಗೆಲ್ಲುವುದಕ್ಕೆ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಅವರು ತೀರ್ಮಾನ ಆಗಲೇ ಮಾಡಿದ್ದರು. ಧೈರ್ಯ ಬೇಕಿತ್ತು. ವಾದ ಮಾಡಬೇಕಾದ ಜಾಗ ಬೇರೆ ಇದೆ. ಅದೇ ರೈತರ ಹೊಲಕ್ಕೆ ನಾಳೆ ಒಬ್ಬರು ಬರುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಪಾಯಿಂಟು. ದುಡ್ಡು ಮೊದಲೇ ಕೊಡಬೇಕು. ನಮ್ಮ ಬಯಲುಸೀಮೆಯ ನೆಲದ ಕೆಳಗೆ ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ನಾಲ್ಕು ಮಾರು ಆಚೆ ಕೊರೆದರೆ ಬರೀ ಧೂಳು. ಅದಕ್ಕೇ ಕಾಯಿ ಹಿಡಿದವರ ಮಾತು ಆಗಾಗ ನಿಜವೂ ಆಗುತ್ತದೆ. ನಿಜವಾದದ್ದು ಊರೆಲ್ಲ ಸುದ್ದಿ, ಸುಳ್ಳಾದದ್ದು ರೈತನ ಸಾಲ. ಭೂವಿಜ್ಞಾನಿ ಮೀಟರ್ ಹಿಡಿದು ನೋಡಿದರೂ ತಪ್ಪಬಹುದು, ಒಪ್ಪುತ್ತೇನೆ. ಆದರೆ ಎಷ್ಟು ಸಲ ತಪ್ಪಿತು ಅಂತ ಅವರ ಹತ್ತಿರ ಲೆಕ್ಕ ಕೇಳಬಹುದು. ಕಾಯಿಯ ಹತ್ತಿರ ಯಾರೂ ಕೇಳುವುದಿಲ್ಲ. ಕೇಳಿದರೆ "ನಿನಗೆ ನಂಬಿಕೆ ಇಲ್ಲ, ಅದಕ್ಕೇ ನೀರು ಬರಲಿಲ್ಲ" ಅಂತಾರೆ.

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷದ ಮೇಲೆ. ಯಾಕೆ ತುಂಬಿತು ಅಂತ ಆ ಕಡೆಯ ಒಬ್ಬರನ್ನು ಕೇಳಿದ್ದೆ. "ಮಳೆ ಚೆನ್ನಾಗಾಯ್ತು, ಭದ್ರಾ ನೀರು ಬಂತು, ಕಣಿವೆ ಮಾರಮ್ಮ ಕಣ್ಣು ಬಿಟ್ಟಳು" ಅಂತ ಮೂರನ್ನೂ ಒಂದೇ ಉಸಿರಿಗೆ ಹೇಳಿದರು. ಪುಣೆಯಲ್ಲಾಗಿದ್ದರೆ ಮೂರರಲ್ಲಿ ಒಂದನ್ನು ಆರಿಸಿಕೋ ಅನ್ನುತ್ತಿದ್ದರು. ನನಗೆ ಆ ಉತ್ತರದಲ್ಲಿ ತಪ್ಪೇನೂ ಕಾಣಲಿಲ್ಲ. ಮೊದಲೆರಡನ್ನು ಬಿಟ್ಟು ಮೂರನೆಯದನ್ನಷ್ಟೇ ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ.

ಹುಡುಗನಿಗೆ ನೋಡಲೇಬೇಕು ಅಂತ ಇದ್ದ ಇನ್ನೊಂದು ಜಾಗ ಚಳ್ಳಕೆರೆ ತಾಲ್ಲೂಕಿನ ಕುದಾಪುರ. ಡಿಆರ್‌ಡಿಒ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲವೂ ಆ ಬಯಲಲ್ಲಿ ಬೇಲಿ ಹಾಕಿಕೊಂಡು ಕೂತಿವೆ. ಅಲ್ಲಿನ ರನ್‌ವೇ ಮೇಲೆಯೇ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನ ತಾನಾಗಿಯೇ ಬಂದು ಇಳಿದದ್ದು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಹೊರಗಿನಿಂದ ನೋಡಿದರೆ ಕಾಣುವುದು ಬೇಲಿ ಮತ್ತು ಜಾಲಿ ಗಿಡ ಮಾತ್ರ. ಅವನು ಆ ಬೇಲಿಗೇ ಕೈ ಮುಗಿಯುವವನ ಹಾಗೆ ನಿಂತಿದ್ದ. ಹಾಗಂತ ಹೇಳಿದ್ದಕ್ಕೆ ಸಿಟ್ಟು ಬಂತು ಅವನಿಗೆ.

ರಾಕೆಟ್ ಹಾರಿಸುವ ಮುಂಚೆ ಇಸ್ರೋದವರು ಅದರ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗುವ ವಿಷಯ ಅಲ್ಲೇ ಬಂತು. ನನ್ನ ವಾದ, ಒಂದು ಬೋಲ್ಟನ್ನೂ ಬಿಡದೆ ನೋಡಿದ ಮೇಲೆ ಕೈ ಮುಗಿದರೆ ಮುಗಿಯಲಿ ಬಿಡು ಅಂತ. ಅವನು ಒಪ್ಪಲಿಲ್ಲ. "ತಮ್ಮ ಪಾಡಿಗೆ ಹೋದ್ರೆ ಸರಿ ಮಾಮ. ಮಾಡೆಲ್ ಹಿಡ್ಕೊಂಡು ಸಂಸ್ಥೆ ಹೆಸರಲ್ಲಿ ಹೋಗೋದು ಬೇರೆ" ಅಂದ. ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯ ಅಂತ 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಕೇಳುವ ಚಾಳಿ ನಮ್ಮವರಿಗೇನೂ ಹೊಸದಲ್ಲ. ಈ ಒಂದು ವಿಷಯದಲ್ಲಿ ಹುಡುಗನ ಮಾತೇ ಸರಿ ಅನ್ನಿಸಿತು.

ಕುದಾಪುರದವರೆಗೆ ಹೋಗಿ ನಾಯಕನಹಟ್ಟಿಗೆ ಹೋಗದೆ ಬರುವುದುಂಟೇ? ತಿಪ್ಪೇರುದ್ರಸ್ವಾಮಿಯ ಜಾತ್ರೆಯ ತಯಾರಿ ನಡೆದಿತ್ತು. ಕೆರೆ ಕಟ್ಟಿಸಿದ ಸಂತ ಅಂತ ಜನ ನೆನೆಯುವ ಸ್ವಾಮಿ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವುದು ಅವರ ಮಾತು. ಹುಡುಗನಿಗೆ ಅದು ಬಹಳ ಹಿಡಿಸಿತು. ಕೆಲಸಕ್ಕೆ ತಕ್ಕ ಕೂಲಿ, ಹರಕೆಯ ಮಾತೇ ಇಲ್ಲ ಅಂದ. ಜಾತ್ರೆಯಲ್ಲಿ ಜನ ರಾಶಿ ರಾಶಿ ಕೊಬ್ಬರಿ ಸುಡುತ್ತಾರೆ. ತೇರಿನ ಮುಕ್ತಿ ಬಾವುಟ ಹರಾಜಾಗುತ್ತದೆ, ಲಕ್ಷಗಟ್ಟಲೆಗೆ ಹೋಗುತ್ತದೆ. ಹೊರಮಠದ ಕಟ್ಟೆ ಮೇಲೆ ಕೂತಿದ್ದ ಒಬ್ಬ ಹಿರಿಯರನ್ನು ಹುಡುಗ ನೇರವಾಗಿ ಕೇಳಿಬಿಟ್ಟ: "ಮುಕ್ತಿ ಹರಾಜಲ್ಲಿ ಸಿಗೋದಾದ್ರೆ ದುಡ್ಡಿಲ್ದೋರು ಏನ್ ಮಾಡ್ಬೇಕು?"

ನನಗೆ ಎದೆ ಧಸಕ್ ಅಂತು. ಈಗ ಯಾರಾದರೂ ಮಂಡಕ್ಕಿ ತಟ್ಟೆ ತಳ್ಳುತ್ತಾರೆ ಅಂದುಕೊಂಡೆ. ಆ ಹಿರಿಯರು ಎಲೆ ಅಡಿಕೆ ಉಗಿದು ಬಂದು ಹತ್ತಿರ ಕೂತರು. "ಕೂತ್ಕೋ. ಅಜ್ಜಯ್ಯನೂ ಭಿಕ್ಷೆ ಬೇಡಿದೋನೇ. ಅವನಿದ್ದಿದ್ರೆ ಇದನ್ನೇ ಕೇಳ್ತಿದ್ದ" ಅಂದು, ಬಾವುಟ ಹಿಡಿಯಲು ಯಾರು ಯಾರು ಬರುತ್ತಾರೆ, ಎಲೆಕ್ಷನ್ ವರ್ಷದಲ್ಲಿ ಏನಾಗುತ್ತದೆ ಅಂತ ಅರ್ಧ ಗಂಟೆ ಕತೆ ಹೇಳಿದರು. ಅವರು ಭಕ್ತರೇ. ಹಣೆ ತುಂಬ ವಿಭೂತಿ ಇತ್ತು. ಪುಣೆಯ ಸಭೆಗಳಲ್ಲಿ ಹುಡುಗನಿಗೆ ಸಿಗದಿದ್ದ ಕುರ್ಚಿ ಆ ಕಟ್ಟೆಯ ಮೇಲೆ ಸಿಕ್ಕಿತು. ಇಂಥವರು ನಮ್ಮ ಜಿಲ್ಲೆಗಳಲ್ಲಿ ಊರಿಗೊಬ್ಬರು ಇದ್ದೇ ಇರುತ್ತಾರೆ. ಪಡಸಾಲೆಯಲ್ಲಿ ಫ್ಯಾನ್ ಜೋರು ಮಾಡುವವರು ಜಾಸ್ತಿ ಇರುವುದರಿಂದ ಅವರ ದನಿ ಕೇಳುವುದಿಲ್ಲ.

ಪುಣೆಗೆ ಹೊರಡುವ ಹಿಂದಿನ ರಾತ್ರಿ ಹುಡುಗ ಅಡುಗೆಮನೆ ಬಾಗಿಲಲ್ಲಿ ಕೂತು ಅವ್ವನಿಗೆ ಹೇಳಿದ. ಮುಂದಿನ ಜಾತ್ರೆಗೂ ಬರುತ್ತೇನೆ, ನೆಂಟರಿಗೆ ಬಡಿಸುತ್ತೇನೆ, ನೀನು ಹರಕೆ ಹೊತ್ತಿದ್ದರೆ ನೀರೂ ಹಾಕುತ್ತೇನೆ. ಆದರೆ ಕೋಣದ ವಿಷಯ ಎಲ್ಲರ ಮುಂದೆ ಮತ್ತೆ ಕೇಳುತ್ತೇನೆ, ಉತ್ತರ ಬರುವವರೆಗೂ ಕೇಳುತ್ತೇನೆ.

ಅಕ್ಕ ರೊಟ್ಟಿ ತಟ್ಟುತ್ತಲೇ ಇದ್ದಳು. "ಕೇಳು" ಅಂದಳು. "ಊಟ ಆದ್ಮೇಲೆ ಕೇಳು. ನೆಂಟರು ಅರ್ಧಕ್ಕೆ ಎದ್ದು ಹೋಗೋ ಹಂಗೆ ಮಾಡ್ಬೇಡ."

ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಭಾವ ಅಲ್ಲಿಂದಲೇ, "ಆ ಸಲ ನಾನೂ ಅವನ ಜೊತೆ ಕೂತು ಕೇಳ್ತೀನಿ" ಅಂದರು.

"ನೀವು ಮೊದ್ಲು ಶಾಮಿಯಾನದವನ ಬಾಕಿ ಕೊಟ್ಟು ಬನ್ನಿ" ಅಂದಳು ಅಕ್ಕ.